ಹಳೆ ಸರ್ವರ್‌ಗೆ ಹೊಸ ಡಿಸ್ಕ್, ಹೊಸ ಸಿಸ್ಟಮ್: ವಾಪಸ್ ಬರುವ ದಾರಿ ಮುಚ್ಚದಂತೆ

ಡಿಸ್ಕ್ ಬದಲಿಸುವ ದಿನ ಆಪರೇಟಿಂಗ್ ಸಿಸ್ಟಮ್ ಮುಟ್ಟಬೇಡಿ. ಆಪರೇಟಿಂಗ್ ಸಿಸ್ಟಮ್ ಬದಲಿಸುವ ದಿನ ಡಿಸ್ಕ್ ತಂಟೆಗೆ ಹೋಗಬೇಡಿ. ಮುಂದೆ ಹೇಳುವುದರಲ್ಲಿ ಅರ್ಧ ಮರೆತರೂ ಚಿಂತೆಯಿಲ್ಲ, ಇದೊಂದು ನೆನಪಿರಲಿ.

"ಹೇಗೂ ಒಂದು ದಿನ ಸರ್ವರ್ ನಿಲ್ಲಿಸಬೇಕಲ್ಲ ಸಾರ್, ಎರಡೂ ಒಟ್ಟಿಗೇ ಮುಗಿಸಿಬಿಡಿ" ಎಂಬ ಮಾತು ಕಚೇರಿಗಳಲ್ಲಿ ಬಂದೇ ಬರುತ್ತದೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಹಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ನಾನು ಆ ಮಾತಿಗೆ ಒಪ್ಪಿದ್ದೆ. ರಾತ್ರಿ ಎರಡು ಹೊಸ ಡಿಸ್ಕ್ ಹಾಕಿ, ಅದರ ಬೆನ್ನಿಗೇ ಹೊಸ ಆವೃತ್ತಿಯನ್ನೂ ಏರಿಸಿದೆ. ಬೆಳಗಿನ ಜಾವ ಕೊನೆಯ ಸಲ ರೀಬೂಟ್ ಮಾಡಿದರೆ ಪರದೆ ಕಪ್ಪಗೇ ಉಳಿಯಿತು. ತಪ್ಪಿರುವುದು ಹೊಸ ಡಿಸ್ಕಿನಲ್ಲೋ, ಕೇಬಲ್ಲಿನಲ್ಲೋ, ಹೊಸ ಕರ್ನಲ್‌ನಲ್ಲೋ, ಬೂಟ್ ಲೋಡರ್‌ನಲ್ಲೋ? ಒಂದೇ ರಾತ್ರಿಯಲ್ಲಿ ನಾಲ್ಕನ್ನೂ ಮುಟ್ಟಿದ್ದೆ. ಯಾವುದನ್ನು ಮೊದಲು ಅನುಮಾನಿಸಬೇಕೆಂದು ಗೊತ್ತಾಗದೆ ಆರು ತಾಸು ಹೋಯಿತು. ಅಷ್ಟರಲ್ಲಿ ಕೌಂಟರ್ ಮುಂದೆ ಪರೀಕ್ಷಾ ಶುಲ್ಕ ಕಟ್ಟುವ ಮಕ್ಕಳ ಸಾಲು ಬೆಳೆದಿತ್ತು. ಅವರಲ್ಲಿ ಕೆಲವರು ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದವರು. ಕೊನೆಗೆ ಸಿಕ್ಕ ತಪ್ಪು ತೀರಾ ಚಿಕ್ಕದು. ಅದು ಏನೆಂದು ಅದರ ಜಾಗ ಬಂದಾಗ ಹೇಳುತ್ತೇನೆ.

ಯುನಿಕ್ಸ್ ಎಂದರೆ ಒಂದು ಸಿಸ್ಟಮ್ ಅಲ್ಲ, ಒಂದು ವಂಶ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಶುರುಮಾಡಿದ ಈ ವಂಶದ ಒಂದು ಕವಲು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೆಳೆಯಿತು. ಅದರ ಮೊಮ್ಮಗ ಎನ್ನಬಹುದಾದ ಫ್ರೀಬಿಎಸ್‌ಡಿ 1993ರಿಂದ ಉಚಿತವಾಗಿ ಸಿಗುತ್ತಿದೆ. ಈ ಲೇಖನದ ಉದಾಹರಣೆಯೂ ಅದೇ: ಫ್ರೀಬಿಎಸ್‌ಡಿ 13 ನಡೆಸುತ್ತಿರುವ, ಒಳಗೆ ಎರಡು ಹಾರ್ಡ್ ಡಿಸ್ಕ್ ಇರುವ, ಆ ಎರಡನ್ನೂ ಝೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನಲ್ಲಿ ಮಿರರ್ ಮಾಡಿರುವ, ಅಂದರೆ ಒಂದರ ಪ್ರತಿಯನ್ನು ಇನ್ನೊಂದರಲ್ಲೂ ಇಟ್ಟಿರುವ, ಒಂದು ಸಣ್ಣ ಸರ್ವರ್. ಕಾಲೇಜು, ಮುದ್ರಣಾಲಯ, ಸಹಕಾರ ಸಂಘ, ಇಂಥ ಕಡೆ ಮೂಲೆಯಲ್ಲಿ ಕೂತು ವರ್ಷಗಟ್ಟಲೆ ದುಡಿಯುವ ಪೆಟ್ಟಿಗೆ. 13ರ ಸರಣಿಗೆ ಬೆಂಬಲದ ಕೊನೆಯ ದಿನ 2026ರ ಏಪ್ರಿಲ್ 30. ಬೆಂಬಲ ಮುಗಿದ ಮೇಲೆ ಭದ್ರತಾ ತೇಪೆಗಳು ಬರುವುದಿಲ್ಲ, ಪ್ಯಾಕೇಜುಗಳ ಭಂಡಾರವೂ ಸ್ವಲ್ಪ ದಿನದಲ್ಲಿ ಮುಚ್ಚಿಹೋಗುತ್ತದೆ. ಹಾಗಾಗಿ 14ಕ್ಕೆ ಹೋಗುವುದು ತಪ್ಪುವುದಿಲ್ಲ. ನಿಮ್ಮಲ್ಲಿರುವುದು ಎಐಎಕ್ಸ್ ಅಥವಾ ಸೋಲಾರಿಸ್ ಆಗಿದ್ದರೆ ಆದೇಶಗಳ ಹೆಸರು ಬೇರೆ, ಆಲೋಚನೆ ಇದೇ.

ಮೊದಲು ಡಿಸ್ಕ್, ಆಮೇಲೆ ಸಿಸ್ಟಮ್. ಅಪ್‌ಗ್ರೇಡ್ ಸಮಯದಲ್ಲಿ ಸಾವಿರಾರು ಸಣ್ಣ ಫೈಲುಗಳು ಅಳಿದು, ಹೊಸವು ಬಂದು ಕೂರುತ್ತವೆ. ಆ ಹೊರೆಯನ್ನು ಉಬ್ಬಸ ಹತ್ತಿದ ಡಿಸ್ಕಿನ ಮೇಲೆ ಹೊರಿಸಬಾರದು. ಇನ್ನೊಂದು ಲಾಭವೂ ಇದೆ. ಈ ಕ್ರಮದಲ್ಲಿ ಹೋದರೆ ಹೊರಗೆ ತೆಗೆದ ಹಳೆಯ ಡಿಸ್ಕಿನಲ್ಲಿ ಹಳೆಯ ಸಿಸ್ಟಮ್ ಪೂರ್ತಿಯಾಗಿ ಕಪಾಟಿನಲ್ಲಿ ಉಳಿದಿರುತ್ತದೆ. ಎರಡು ಕೆಲಸಗಳ ನಡುವೆ ಕನಿಷ್ಠ ಒಂದು ವಾರ ಸರ್ವರ್ ಎಂದಿನಂತೆ ದುಡಿಯಲಿ.

ಡಿಸ್ಕಿನ ನಾಡಿ

ಸ್ಮಾರ್ಟ್‌ಮನ್‌ಟೂಲ್ಸ್ ಪ್ಯಾಕೇಜಿನ ಸ್ಮಾರ್ಟ್‌ಸಿಟಿಎಲ್ ಆದೇಶ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದುಕೊಂಡ ಲೆಕ್ಕ ತೋರಿಸುತ್ತದೆ. ಅದರ ಉದ್ದನೆಯ ಪಟ್ಟಿಯಲ್ಲಿ ಮೂರು ಸಾಲು ನೋಡಿದರೆ ಸಾಕು. 5ನೇ ಸಂಖ್ಯೆಯ ಸಾಲು, ಕೆಟ್ಟುಹೋಗಿ ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರುಗಳ ಲೆಕ್ಕ. 197ನೆಯದು, ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳು. ಇವು ಏರುತ್ತಿದ್ದರೆ ಡಿಸ್ಕ್ ಹೋಗುವ ದಾರಿಯಲ್ಲಿದೆ. ಇವು ಸೊನ್ನೆಯಾಗಿದ್ದು 199ನೇ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕನ್ನು ದೂರಬೇಡಿ, ಅದು ಡಿಸ್ಕಿಗೂ ಬೋರ್ಡಿಗೂ ನಡುವಿನ ಸಾಗಣೆಯ ದೋಷ. ಹೆಚ್ಚಿನ ಸಲ ಸಾಟಾ ಕೇಬಲ್ ಬದಲಿಸಿದರೆ ನಿಂತುಹೋಗುತ್ತದೆ. ಸಾವಿರಾರು ರೂಪಾಯಿಯ ಡಿಸ್ಕ್ ತರಿಸಿ ಹಾಕಿದ ಮೇಲೂ ಅದೇ ದೋಷ ಕಂಡು, ಕೊನೆಗೆ ಕೇಬಲ್ ಬದಲಿಸಿದ ಕಚೇರಿಗಳನ್ನು ನೋಡಿದ್ದೇನೆ.

ಆದರೆ ಲೆಕ್ಕ ಶುದ್ಧವಾಗಿದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಗೂಗಲ್‌ನ ಎಂಜಿನಿಯರುಗಳು ತಮ್ಮಲ್ಲಿನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡಿತು. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ನಾಲ್ಕು ಪ್ರಮುಖ ಲೆಕ್ಕಗಳಲ್ಲಿ ಯಾವುದರಲ್ಲೂ ಮುನ್ಸೂಚನೆ ಕೊಟ್ಟಿರಲಿಲ್ಲ. ಅಂದರೆ ಡಿಸ್ಕ್ ಸುಮ್ಮನಿದೆ ಎಂದ ಮಾತ್ರಕ್ಕೆ ಆರೋಗ್ಯವಾಗಿದೆ ಎಂದಲ್ಲ. ಐದಾರು ವರ್ಷ ಹಗಲೂ ರಾತ್ರಿ ತಿರುಗಿದ ಡಿಸ್ಕನ್ನು ದೂರು ಬರುವ ಮೊದಲೇ ಬದಲಿಸುವುದು ದುಂದುವೆಚ್ಚವಲ್ಲ.

ಹೊಸ ಡಿಸ್ಕ್ ಕೊಳ್ಳುವಾಗ ಗಮನಿಸಬೇಕಾದದ್ದು ಕೆಲವಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಸೀರಿಯಲ್ ನಂಬರನ್ನು ತಯಾರಕರ ತಾಣದಲ್ಲಿ ಹಾಕಿ ವಾರಂಟಿ ಎಂದಿನಿಂದ ಎಂದು ನೋಡಿಕೊಳ್ಳಿ. ಬಳಸಿದ ಡಿಸ್ಕಿನ ಸ್ಮಾರ್ಟ್ ಲೆಕ್ಕವನ್ನು ಸೊನ್ನೆಗೆ ತಿರುಗಿಸಿ ಹೊಸದೆಂದು ಮಾರಿದ ಪ್ರಕರಣಗಳು 2025ರಲ್ಲಿ ಯುರೋಪಿನಲ್ಲಿ ಬೆಳಕಿಗೆ ಬಂದವು. ಎರಡು ಡಿಸ್ಕ್ ಬೇಕಿದ್ದರೆ ಆದಷ್ಟೂ ಬೇರೆ ಬೇರೆ ಬ್ಯಾಚಿನವು ಇರಲಿ. ಒಟ್ಟಿಗೆ ತಯಾರಾಗಿ ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ದುಡಿದ ಜೋಡಿ ಒಟ್ಟಿಗೇ ಕೆಡಲೂಬಹುದು. ಎಸ್‌ಎಂಆರ್ ಎಂಬ ಬಗೆಯ ಡಿಸ್ಕ್ ಬೇಡ. ಅದರಲ್ಲಿ ದತ್ತಾಂಶದ ಪಥಗಳು ಮನೆಯ ಹಂಚಿನಂತೆ ಒಂದರ ಮೇಲೊಂದು ಸ್ವಲ್ಪ ಏರಿ ಕೂತಿರುತ್ತವೆ, ಒಂದನ್ನು ತಿದ್ದಲು ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಮಿರರ್ ಕಟ್ಟುವಾಗ ಆಗುವ ನಿರಂತರ ಬರವಣಿಗೆಗೆ ಅದು ಒದ್ದಾಡುತ್ತದೆ. ಮಾಹಿತಿ ಪತ್ರದಲ್ಲಿ ಸಿಎಂಆರ್ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಿ. ಇನ್ನು ಗಾತ್ರ. ಹಳೆಯದು 1 ಟೆರಾಬೈಟ್, ಹೊಸದೂ 1 ಟೆರಾಬೈಟ್ ಎಂದು ಬರೆದಿದ್ದರೂ ಒಳಗೆ ಸೆಕ್ಟರುಗಳ ಸಂಖ್ಯೆ ಹೆಚ್ಚುಕಡಿಮೆ ಇರಬಹುದು. ಹೊಸದರಲ್ಲಿ ಸ್ವಲ್ಪ ಕಡಿಮೆ ಬಿದ್ದರೂ ಝೆಡ್‌ಎಫ್‌ಎಸ್ ಅದನ್ನು ಜೋಡಿಗೆ ಸೇರಿಸಿಕೊಳ್ಳುವುದಿಲ್ಲ. ಒಂದು ಮೆಟ್ಟಿಲು ದೊಡ್ಡದನ್ನೇ ಕೊಳ್ಳಿ.

ಬಿಚ್ಚುವ ಮೊದಲು

ಮಿರರ್ ಇದೆಯಲ್ಲ, ಬ್ಯಾಕಪ್ ಯಾಕೆ ಎಂದು ಕೇಳುವವರು ಇದ್ದಾರೆ. ಒಂದು ಡಿಸ್ಕಿನಲ್ಲಿ ಫೈಲ್ ಅಳಿಸಿದರೆ ಇನ್ನೊಂದರಲ್ಲೂ ಅದೇ ಗಳಿಗೆಯಲ್ಲಿ ಅಳಿಯುತ್ತದೆ. ಮಿರರ್ ಕಾಯುವುದು ಡಿಸ್ಕ್ ಸಾಯುವುದರಿಂದ ಮಾತ್ರ. ಇಡೀ ಪೂಲ್‌ನ, ಅಂದರೆ ಝೆಡ್‌ಎಫ್‌ಎಸ್ ಆ ಡಿಸ್ಕ್‌ಗಳ ಮೇಲೆ ಕಟ್ಟಿದ ಸಂಗ್ರಹದ, ಸ್ನ್ಯಾಪ್‌ಶಾಟ್ ತೆಗೆದು, ಝೆಡ್‌ಎಫ್‌ಎಸ್ ಸೆಂಡ್ ಮೂಲಕ ಇನ್ನೊಂದು ಯಂತ್ರಕ್ಕೋ ಹೊರಗಿನ ಡಿಸ್ಕಿಗೋ ಕಳಿಸಿ. ಡೇಟಾಬೇಸ್ ಇದ್ದರೆ ಅದರದೇ ಡಂಪ್ ಬೇರೆಯಾಗಿ ತೆಗೆಯಿರಿ. ಆಮೇಲೆ ಆ ಡಂಪನ್ನು ಇನ್ನೊಂದು ಯಂತ್ರದಲ್ಲಿ ತೆರೆದು, ನಿನ್ನೆಯ ರಸೀದಿಗಳು ಅದರಲ್ಲಿ ಇವೆಯೇ ಎಂದು ಕಣ್ಣಾರೆ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪಾರ್ಟಿಶನ್ ಪಟ್ಟಿ, ಪೂಲ್‌ನ ಸ್ಥಿತಿ, ನೆಟ್‌ವರ್ಕ್ ವಿಳಾಸಗಳು, ಆರ್‌ಸಿ ಕಾನ್ಫ್ ಫೈಲು, ಪ್ಯಾಕೇಜುಗಳ ಪಟ್ಟಿ ಇವನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಸರ್ವರ್ ಏಳದಿದ್ದಾಗ ಬೇಕಾಗುವ ಮಾಹಿತಿ ಅದೇ ಸರ್ವರ್‌ನೊಳಗೆ ಸಿಕ್ಕಿಕೊಂಡಿದ್ದರೆ ಪ್ರಯೋಜನವಿಲ್ಲ.

ಝೆಡ್‌ಪೂಲ್ ಸ್ಕ್ರಬ್ ಒಮ್ಮೆ ಪೂರ್ತಿ ಓಡಲಿ. ಅದು ಬರೆದಿಟ್ಟ ಪ್ರತಿ ಬ್ಲಾಕನ್ನೂ ಓದಿ, ಅದರ ಚೆಕ್‌ಸಮ್ ಜೊತೆ ತಾಳೆ ನೋಡುತ್ತದೆ. ಹಾಳಾದದ್ದು ಸಿಕ್ಕರೆ ಜೋಡಿ ಡಿಸ್ಕಿನ ಒಳ್ಳೆಯ ಪ್ರತಿಯಿಂದ ಸರಿಪಡಿಸುತ್ತದೆ. ಈ ತಪಾಸಣೆ ಜೋಡಿ ಒಡೆಯುವ ಮೊದಲೇ ಆಗಬೇಕು. ಒಂದು ಡಿಸ್ಕ್ ಹೊರಗೆ ತೆಗೆದ ಮೇಲೆ ಉಳಿದದ್ದರಲ್ಲಿ ಓದಲಾಗದ ಜಾಗ ಸಿಕ್ಕರೆ ಸರಿಪಡಿಸಲು ಇನ್ನೊಂದು ಪ್ರತಿ ಇರುವುದಿಲ್ಲ.

ದಿನವನ್ನು ಆರಿಸಿಕೊಳ್ಳುವುದೂ ಕೆಲಸದ ಭಾಗವೇ. ನಮ್ಮಲ್ಲಿ ಎರಡನೇ ಶನಿವಾರದ ಬೆಳಿಗ್ಗೆ ಒಳ್ಳೆಯದು. ಮರುದಿನ ಭಾನುವಾರ ಕೈಯಲ್ಲಿ ಉಳಿದಿರುತ್ತದೆ. ರಾತ್ರಿ ಶುರುಮಾಡಿ ನಿದ್ದೆಗಣ್ಣಲ್ಲಿ ಸಾಲು ಓದುವುದು ಬೇಡ. ಯುಪಿಎಸ್ ಬ್ಯಾಟರಿ ನಿಜಕ್ಕೂ ಎಷ್ಟು ಹೊತ್ತು ತಡೆಯುತ್ತದೆ ಎಂದು ಹಿಂದಿನ ವಾರವೇ ನೋಡಿಕೊಳ್ಳಿ, ಗುಡುಗು ಸಿಡಿಲಿನ ಸಂಜೆಗಳಿರುವ ತಿಂಗಳಾದರೆ ಇನ್ನೂ ಮುಖ್ಯ. ಸರ್ವರ್ ಬೇರೆ ಊರಿನಲ್ಲಿದ್ದರೆ ಐಪಿಎಂಐ ಕನ್ಸೋಲ್ ಕೆಲಸ ಮಾಡುತ್ತಿದೆಯೇ ಎಂದು ಮೊದಲು ಪರೀಕ್ಷಿಸಿ. ಬರೀ ಎಸ್‌ಎಸ್‌ಎಚ್ ನಂಬಿಕೊಂಡು ದೂರದಿಂದ ಈ ಕೆಲಸಕ್ಕೆ ಇಳಿಯಬೇಡಿ.

ಡಿಸ್ಕ್ ಬದಲಾಯಿಸುವುದು

ಎರಡು ಡಿಸ್ಕ್ ಇರುವ ಪೆಟ್ಟಿಗೆಯಲ್ಲಿ ಆಗುವ ಅತಿ ದೊಡ್ಡ ಅನಾಹುತ, ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಎಳೆಯುವುದು. ಎಡಾ-ಸೊನ್ನೆ, ಎಡಾ-ಒಂದು ಎಂಬ ಹೆಸರುಗಳನ್ನು ನಂಬಬೇಡಿ, ಅವು ಕೇಬಲ್ ಸಿಕ್ಕಿಸಿದ ಕ್ರಮಕ್ಕೆ ತಕ್ಕಂತೆ ಬದಲಾಗಬಹುದು. ನಂಬಬೇಕಾದ್ದು ಸೀರಿಯಲ್ ನಂಬರ್ ಮಾತ್ರ. ಜಿಯೋಮ್ ಡಿಸ್ಕ್ ಲಿಸ್ಟ್ ಎಂಬ ಆದೇಶ ಯಾವ ಹೆಸರಿಗೆ ಯಾವ ಸೀರಿಯಲ್ ನಂಬರ್ ಎಂದು ಹೇಳುತ್ತದೆ. ಅದನ್ನು ಡಿಸ್ಕಿನ ಮೇಲಿನ ಚೀಟಿಯ ಜೊತೆ ಹೋಲಿಸಿ, ಜೊತೆಯಲ್ಲಿರುವವರಿಂದ ಗಟ್ಟಿಯಾಗಿ ಓದಿಸಿ. ಹೊಸ ಡಿಸ್ಕಿನ ಪಾರ್ಟಿಶನ್‌ಗೆ ಹೆಸರಿಡುವಾಗ ಸೀರಿಯಲ್‌ನ ಕೊನೆಯ ನಾಲ್ಕು ಅಂಕೆ ಸೇರಿಸಿ, ಕ್ಯಾಡಿಯ ಮುಂಭಾಗಕ್ಕೂ ಅದೇ ಅಂಕೆಯ ಚೀಟಿ ಅಂಟಿಸಿ. ಐದು ವರ್ಷದ ನಂತರ ಬರುವವರು ಆ ಚೀಟಿಗಾಗಿ ನಿಮ್ಮನ್ನು ನೆನೆಯುತ್ತಾರೆ.

ಸರ್ವರ್‌ನಲ್ಲಿ ಮೂರನೇ ಜಾಗ ಖಾಲಿ ಇದ್ದರೆ ನೀವು ಅದೃಷ್ಟವಂತರು. ಹಳೆಯ ಎರಡೂ ಹಾಗೇ ಇರಲಿ, ಹೊಸದನ್ನು ಮೂರನೆಯದಾಗಿ ಜೋಡಿಸಿ. ಆಗ ಯಾವ ಕ್ಷಣದಲ್ಲೂ ಎರಡಕ್ಕಿಂತ ಕಡಿಮೆ ಪ್ರತಿ ಇರುವುದಿಲ್ಲ. ಎರಡೇ ಜಾಗವಿದ್ದರೆ ಒಂದನ್ನು ತೆಗೆದು ಹೊಸದನ್ನು ಹಾಕಲೇಬೇಕು, ನಡುವಿನ ಕೆಲವು ಗಂಟೆ ಒಂದೇ ಪ್ರತಿಯ ಮೇಲೆ ನಡೆಯುತ್ತದೆ. ಬ್ಯಾಕಪ್ ಮತ್ತು ಸ್ಕ್ರಬ್ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಈ ಗಂಟೆಗಳಿಗಾಗಿಯೇ.

ಹೊಸ ಡಿಸ್ಕ್ ಕೂರಿಸಿದ ಮೇಲೆ ಹಳೆಯದರ ಪಾರ್ಟಿಶನ್ ನಕ್ಷೆಯನ್ನು ಜಿಪಾರ್ಟ್ ಬ್ಯಾಕಪ್‌ನಿಂದ ತೆಗೆದು, ಜಿಪಾರ್ಟ್ ರಿಸ್ಟೋರ್‌ನಿಂದ ಹೊಸದರ ಮೇಲೆ ಬರೆಯಿರಿ. ಯಾವುದರಿಂದ ಯಾವುದಕ್ಕೆ ಎಂಬುದನ್ನು ಎಂಟರ್ ಒತ್ತುವ ಮೊದಲು ಮತ್ತೊಮ್ಮೆ ಓದಿ. ಸಾಮಾನ್ಯವಾಗಿ ಮೂರು ಭಾಗ ಇರುತ್ತವೆ: ಬೂಟ್‌ಗೆ ಚಿಕ್ಕದೊಂದು, ಸ್ವಾಪ್‌ಗೆ ಒಂದು, ಉಳಿದದ್ದು ಝೆಡ್‌ಎಫ್‌ಎಸ್‌ಗೆ. ಹೊಸ ಡಿಸ್ಕ್ ದೊಡ್ಡದಾಗಿದ್ದರೆ ಕೊನೆಯ ಭಾಗವನ್ನು ಈಗಲೇ ಹಿಗ್ಗಿಸಿಕೊಳ್ಳಬಹುದು.

ಇಲ್ಲಿಗೆ ನನ್ನ ಕಾಲೇಜಿನ ಕಥೆಯ ತಪ್ಪು ಬಂತು. ಝೆಡ್‌ಎಫ್‌ಎಸ್ ಮಿರರ್ ಮಾಡುವುದು ತನ್ನ ಭಾಗವನ್ನು ಮಾತ್ರ. ಬೂಟ್ ಭಾಗ ಅದರ ಲೆಕ್ಕಕ್ಕೆ ಬರುವುದಿಲ್ಲ. ನಕ್ಷೆಯನ್ನು ನಕಲು ಮಾಡಿದಾಗ ಬೂಟ್ ಭಾಗಕ್ಕೆ ಜಾಗ ಸಿಗುತ್ತದೆ, ಒಳಗೆ ಏನೂ ಇರುವುದಿಲ್ಲ. ಹಳೆಯ ಒಂದು ಡಿಸ್ಕ್ ಒಳಗಿರುವ ತನಕ ಯಂತ್ರ ಅದರಿಂದ ಏಳುತ್ತದೆ, ಪೂಲ್ ಆನ್‌ಲೈನ್ ಎನ್ನುತ್ತದೆ, ಎಲ್ಲವೂ ಸರಿಯಿದೆ ಎನಿಸುತ್ತದೆ. ಎರಡನೇ ಹಳೆಯ ಡಿಸ್ಕನ್ನೂ ತೆಗೆದ ದಿನ ಏಳುವುದು ನಿಲ್ಲುತ್ತದೆ. ನನ್ನ ಎರಡೂ ಹೊಸ ಡಿಸ್ಕ್‌ಗಳ ಬೂಟ್ ಭಾಗ ಖಾಲಿ ಇತ್ತು. ದತ್ತಾಂಶ ಒಂದಿಷ್ಟೂ ಹಾಳಾಗಿರಲಿಲ್ಲ. ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಏಳಿಸಿ ಒಂದು ಆದೇಶ ಕೊಟ್ಟ ಮೇಲೆ ಸರ್ವರ್ ಎದ್ದು ನಿಂತಿತು.

ಹಳೆಯ ಬಯೋಸ್ ಪದ್ಧತಿಯ ಯಂತ್ರವಾದರೆ ಜಿಪಾರ್ಟ್ ಬೂಟ್‌ಕೋಡ್ ಆದೇಶದಿಂದ ಪಿಎಂಬಿಆರ್ ಮತ್ತು ಜಿಪಿಟಿ-ಝೆಡ್‌ಎಫ್‌ಎಸ್-ಬೂಟ್ ಫೈಲುಗಳನ್ನು ಹೊಸ ಡಿಸ್ಕಿಗೆ ಬರೆಯಬೇಕು. ಯುಇಎಫ್‌ಐ ಯಂತ್ರವಾದರೆ ಇಎಫ್‌ಐ ಭಾಗವನ್ನು ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಲೋಡರ್ ಫೈಲನ್ನು ಅದರೊಳಗೆ ಅದರ ಜಾಗಕ್ಕೆ ನಕಲಿಸಬೇಕು. ನಿಮ್ಮದು ಯಾವುದೆಂದು ಸಿಸ್‌ಸಿಟಿಎಲ್‌ನ ಮಾಶ್‌ಡೆಪ್ ಬೂಟ್‌ಮೆಥಡ್ ಎಂಬ ಸಾಲು ಹೇಳುತ್ತದೆ. ಸ್ವಾಪ್ ಅನ್ನೂ ಮರೆಯಬೇಡಿ. ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಳೆಯ ಡಿಸ್ಕಿನ ಹೆಸರೇ ಉಳಿದಿದ್ದರೆ ಸರ್ವರ್ ಸ್ವಾಪ್ ಇಲ್ಲದೆ ಓಡುತ್ತಿರುತ್ತದೆ, ಮೆಮರಿ ತುಂಬಿದ ದಿನದವರೆಗೆ ಅದು ಯಾರ ಗಮನಕ್ಕೂ ಬರುವುದಿಲ್ಲ.

ಈಗ ಜೋಡಿಸುವ ಆದೇಶ. ಝೆಡ್‌ಪೂಲ್ ಅಟ್ಯಾಚ್ ಮತ್ತು ಝೆಡ್‌ಪೂಲ್ ಆಡ್, ಇವೆರಡರ ವ್ಯತ್ಯಾಸ ತಿಳಿಯದೆ ಕೀಬೋರ್ಡ್ ಮುಟ್ಟಬಾರದು. ಅಟ್ಯಾಚ್ ಎಂದರೆ ಇರುವ ಡಿಸ್ಕಿಗೆ ಇನ್ನೊಂದು ಪ್ರತಿ. ಆಡ್ ಎಂದರೆ ಪೂಲ್‌ಗೆ ಹೊಸ ಜಾಗ, ಅದಕ್ಕೆ ಪ್ರತಿಯೇ ಇಲ್ಲ, ಆ ಒಂದು ಡಿಸ್ಕ್ ಹೋದರೆ ಇಡೀ ಪೂಲ್ ಹೋಗುತ್ತದೆ. ಮಿರರ್ ಇರುವಲ್ಲಿ ತಪ್ಪಿ ಆಡ್ ಕೊಟ್ಟರೆ ಝೆಡ್‌ಎಫ್‌ಎಸ್ ಹೊಂದಾಣಿಕೆಯಿಲ್ಲವೆಂದು ತಡೆಯುತ್ತದೆ. ಆ ತಡೆಯನ್ನು ಎಫ್ ಆಯ್ಕೆ ಹಾಕಿ ದಾಟಬೇಡಿ, ಕೈ ಬಿಟ್ಟು ಕೂತು ಮತ್ತೊಮ್ಮೆ ಓದಿ. ಎರಡೇ ಜಾಗದ ಸರ್ವರ್‌ನಲ್ಲಿ ತೆಗೆದ ಡಿಸ್ಕಿನ ಬದಲಿಗೆ ಹೊಸದನ್ನು ಝೆಡ್‌ಪೂಲ್ ರಿಪ್ಲೇಸ್‌ನಿಂದ ಕೂರಿಸಬೇಕು.

ಆಮೇಲೆ ರಿಸಿಲ್ವರ್, ಅಂದರೆ ಹೊಸ ಡಿಸ್ಕಿಗೆ ಪ್ರತಿ ತುಂಬುವ ಕೆಲಸ, ಶುರುವಾಗುತ್ತದೆ. ಹಳೆಯ ರೇಡ್ ಕಾರ್ಡುಗಳಂತೆ ಝೆಡ್‌ಎಫ್‌ಎಸ್ ಖಾಲಿ ಜಾಗವನ್ನೂ ನಕಲು ಮಾಡುತ್ತ ಕೂರುವುದಿಲ್ಲ, ಬಳಕೆಯಾದ ಬ್ಲಾಕುಗಳನ್ನು ಮಾತ್ರ ಸಾಗಿಸುತ್ತದೆ. ಅರ್ಧ ತುಂಬಿದ ಪೂಲ್ ಆದರೆ ಕೆಲಸವೂ ಸುಮಾರು ಅರ್ಧ. ನಡುವೆ ಕರೆಂಟ್ ಹೋದರೂ ಗಾಬರಿ ಬೇಡ, ಸರ್ವರ್ ಎದ್ದ ಮೇಲೆ ಅದು ಮುಂದುವರಿಯುತ್ತದೆ. ಮುಗಿದ ಮೇಲೆ ಇನ್ನೊಂದು ಸ್ಕ್ರಬ್ ಓಡಿಸಿ. ದೋಷದ ಮೂರು ಕಾಲಂಗಳಲ್ಲೂ ಸೊನ್ನೆ ಕಂಡ ಮೇಲೆ ಎರಡನೇ ಡಿಸ್ಕಿಗೆ ಇದೇ ಕ್ರಮ.

ಹಳೆಯದನ್ನು ಹೊರಗೆ ತೆಗೆಯುವ ವಿಧಾನದಲ್ಲಿ ಒಂದು ಸೂಕ್ಷ್ಮವಿದೆ. ಡಿಟ್ಯಾಚ್ ಮಾಡಿದ ಡಿಸ್ಕಿನಿಂದ ಪೂಲ್‌ನ ಗುರುತು ಅಳಿದುಹೋಗುತ್ತದೆ, ಆಮೇಲೆ ಅದನ್ನು ಸುಲಭವಾಗಿ ತೆರೆಯಲಾಗುವುದಿಲ್ಲ. ಮೂರು ಜಾಗವಿದ್ದವರು ಕೊನೆಯ ಹಳೆಯ ಡಿಸ್ಕನ್ನು ಝೆಡ್‌ಪೂಲ್ ಸ್ಪ್ಲಿಟ್‌ನಿಂದ ಬೇರ್ಪಡಿಸಲಿ. ಯಾವ ಡಿಸ್ಕ್ ಹೊರಗೆ ಹೋಗಬೇಕೆಂದು ಆದೇಶದಲ್ಲಿ ಹೆಸರಿಸಲೇಬೇಕು, ಇಲ್ಲದಿದ್ದರೆ ಅದು ತಾನಾಗಿ ಪಟ್ಟಿಯ ಕೊನೆಯದನ್ನು, ಅಂದರೆ ಬಹುಶಃ ನಿಮ್ಮ ಹೊಸದನ್ನೇ, ಆರಿಸಿಕೊಳ್ಳುತ್ತದೆ. ಸ್ಪ್ಲಿಟ್ ಆದ ಡಿಸ್ಕ್ ಹೊಸ ಹೆಸರಿನ ಒಂದು ಸ್ವತಂತ್ರ ಪೂಲ್. ನಾಳೆ ಬೇಕೆಂದರೆ ಬೇರೆ ಯಂತ್ರಕ್ಕೆ ಸಿಕ್ಕಿಸಿ, ಬೇರೆ ಜಾಗದಲ್ಲಿ ಮೌಂಟ್ ಆಗುವಂತೆ ಆರ್ ಆಯ್ಕೆ ಕೊಟ್ಟು ಇಂಪೋರ್ಟ್ ಮಾಡಿದರೆ ಆ ದಿನದ ಇಡೀ ಸರ್ವರ್ ಕಣ್ಣೆದುರು ಇರುತ್ತದೆ.

ಕೊನೆಯ ಪರೀಕ್ಷೆ ಬಿಡಬೇಡಿ. ಸರ್ವರ್ ಆರಿಸಿ, ಮೊದಲನೇ ಹೊಸ ಡಿಸ್ಕ್ ಒಂದರಿಂದಲೇ ಏಳಿಸಿ. ಮತ್ತೆ ಆರಿಸಿ, ಎರಡನೆಯದರಿಂದ ಮಾತ್ರ ಏಳಿಸಿ. ಪ್ರತಿ ಸಲವೂ ಪೂಲ್ ಡಿಗ್ರೇಡೆಡ್ ಎನ್ನುವುದು ಸಹಜ, ಎರಡನ್ನೂ ಸೇರಿಸಿದಾಗ ವ್ಯತ್ಯಾಸವಷ್ಟನ್ನೇ ತುಂಬಿಕೊಳ್ಳುತ್ತದೆ. ಒಂದು ಪರೀಕ್ಷೆ ಮುಗಿದು ಜೋಡಿ ಸರಿಯಾದ ಮೇಲೆಯೇ ಇನ್ನೊಂದನ್ನು ಮಾಡಿ. ಆ ಕಾಲೇಜಿನ ಬೆಳಗಿನ ನಂತರ ಈ ಪರೀಕ್ಷೆ ಮಾಡದೆ ನಾನು ಯಾವ ಸರ್ವರ್ ಕೋಣೆಯಿಂದಲೂ ಹೊರಬಂದಿಲ್ಲ.

ಪೂಲ್ ಗಾತ್ರವನ್ನು ಹೊಸ ಡಿಸ್ಕಿನಷ್ಟಕ್ಕೆ ಹಿಗ್ಗಿಸುವುದು ಎಲ್ಲಕ್ಕಿಂತ ಕೊನೆಗೆ ಇರಲಿ. ಒಮ್ಮೆ ಹಿಗ್ಗಿದರೆ ಹಳೆಯ ಚಿಕ್ಕ ಡಿಸ್ಕನ್ನು ಮತ್ತೆ ಜೋಡಿಗೆ ತರಲು ಬರುವುದಿಲ್ಲ.

ಸಿಸ್ಟಮ್ ಏರಿಸುವುದು

ಹೊಸ ದೊಡ್ಡ ಆವೃತ್ತಿ ಬಂದ ವಾರವೇ ಓಡಬೇಡಿ. ಫ್ರೀಬಿಎಸ್‌ಡಿ 14.0 ಹೊರಬಿದ್ದದ್ದು 2023ರ ನವೆಂಬರ್‌ನಲ್ಲಿ. ಅದೇ ತಿಂಗಳು ಓಪನ್‌ಝೆಡ್‌ಎಫ್‌ಎಸ್ 2.2ರಲ್ಲಿ ನಕಲು ಮಾಡಿದ ಫೈಲಿನ ಕೆಲವು ತುಣುಕುಗಳು ಸೊನ್ನೆಗಳಾಗಿ ಬರುವ ದೋಷ ಕಂಡಿತು. ಹುಡುಕುತ್ತ ಹೋದಾಗ ಅದರ ಬೇರು ಹಳೆಯ ಆವೃತ್ತಿಗಳಲ್ಲೂ ಇತ್ತೆಂದು, ಹೊಸ ಆವೃತ್ತಿಯಲ್ಲಿ ಹೊರಗೆ ಕಾಣಿಸಿಕೊಳ್ಳುವುದು ಸುಲಭವಾಗಿತ್ತೆಂದು ತಿಳಿಯಿತು. 2.2.2 ಮತ್ತು 2.1.14ರಲ್ಲಿ ಸರಿಪಡಿಸಿದರು. ಕಾದವರಿಗೆ ನಷ್ಟವೇನೂ ಆಗಲಿಲ್ಲ. ಸರಣಿಯ ಮುಂದಿನ ಬಿಡುಗಡೆಗಳಲ್ಲಿ ಬೆಂಬಲದಲ್ಲಿರುವ ಇತ್ತೀಚಿನದನ್ನು ಹಿಡಿಯಿರಿ, ಅದರ ಬಿಡುಗಡೆ ಟಿಪ್ಪಣಿಯನ್ನು ಪೂರ್ತಿ ಓದಿ.

14ರಲ್ಲಿ ಬದಲಾದದ್ದರಲ್ಲಿ ಕೆಲವು ನಿಮಗೆ ತಾಗುತ್ತವೆ. ರೂಟ್ ಬಳಕೆದಾರರ ಶೆಲ್ ಸಿಎಸ್‌ಎಚ್ ಬದಲು ಎಸ್‌ಎಚ್ ಆಗಿದೆ. ಅಂಚೆ ಕಳಿಸುವ ಕೆಲಸಕ್ಕೆ ಸೆಂಡ್‌ಮೇಲ್ ಬದಲು ಡಿಎಂಎ ನೇಮಕವಾಗಿದೆ. ಹಾಗಾಗಿ ಅಪ್‌ಗ್ರೇಡ್ ಆದ ಮರುದಿನ ಸರ್ವರ್‌ನ ದಿನದ ವರದಿ ನಿಮಗೆ ಬರುತ್ತಿದೆಯೇ ಎಂದು ನೋಡಿ. ಆ ವರದಿ ನಿಂತರೆ ಡಿಸ್ಕ್ ಕೆಟ್ಟ ಸುದ್ದಿಯೂ ನಿಮ್ಮನ್ನು ತಲುಪುವುದಿಲ್ಲ. ಓಪನ್‌ಎಸ್‌ಎಸ್‌ಎಲ್ 1.1.1 ಹೋಗಿ 3.0 ಬಂದಿದೆ. ಹಾಗೆಂದರೆ ಹಳೆಯ ಪ್ಯಾಕೇಜುಗಳೆಲ್ಲ ಮತ್ತೆ ಬರಬೇಕು.

ಮೊದಲ ಹೆಜ್ಜೆ, 13ರಲ್ಲೇ ಬಾಕಿಯಿರುವ ತೇಪೆಗಳನ್ನೆಲ್ಲ ಹಾಕಿಕೊಳ್ಳುವುದು. ಎರಡನೆಯದು ಬಿಇಸಿಟಿಎಲ್ ಕ್ರಿಯೇಟ್. ಇದು ಈಗಿರುವ ಸಿಸ್ಟಮ್‌ನ ಒಂದು ಬೂಟ್ ಪರಿಸರವನ್ನು, ಅಂದರೆ ಮರಳಿ ಏಳಬಲ್ಲ ಒಂದು ಪ್ರತಿಯನ್ನು, ಕ್ಷಣದಲ್ಲಿ ಮಾಡಿಡುತ್ತದೆ. ಹೊಸದು ಏಳದಿದ್ದರೆ ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿದರಾಯಿತು. ಎಐಎಕ್ಸ್‌ನಲ್ಲಿ ಆಲ್ಟ್-ಡಿಸ್ಕ್-ಕಾಪಿ, ಸೋಲಾರಿಸ್ 11ರಲ್ಲಿ ಬಿಇಎಡಿಎಂ ಮಾಡುವುದೂ ಇದೇ ಕೆಲಸ.

ಇದರಲ್ಲಿ ಅಡಗಿರುವ ಒಂದು ಅಪಾಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಫ್ರೀಬಿಎಸ್‌ಡಿಯ ಸಾಮಾನ್ಯ ಜೋಡಣೆಯಲ್ಲಿ ಮನೆಯ ಫೋಲ್ಡರುಗಳು, ಲಾಗುಗಳು, ಅಂಚೆ ಬೂಟ್ ಪರಿಸರದ ಹೊರಗಿವೆ. ಆದರೆ ವಾರ್-ಡಿಬಿ ಫೋಲ್ಡರ್ ಒಳಗಿದೆ. ಪೋಸ್ಟ್‌ಗ್ರೆಸ್‌ನ ದತ್ತಾಂಶ ಅದರಲ್ಲೇ ಕೂತಿದ್ದರೆ, ಮೂರು ದಿನದ ನಂತರ ಹಳೆಯ ಪರಿಸರಕ್ಕೆ ಮರಳಿದಾಗ ಡೇಟಾಬೇಸ್ ಕೂಡ ಮೂರು ದಿನ ಹಿಂದಕ್ಕೆ ಹೋಗುತ್ತದೆ. ನಡುವೆ ಬರೆದ ರಸೀದಿಗಳು ಹೊಸ ಪರಿಸರದಲ್ಲೇ ಉಳಿದುಬಿಡುತ್ತವೆ. ಅಪ್‌ಗ್ರೇಡ್‌ಗೆ ಮೊದಲೇ ಡೇಟಾಬೇಸ್‌ಗೆ ಪ್ರತ್ಯೇಕ ಡೇಟಾಸೆಟ್ ಮಾಡಿ ಅದನ್ನು ಅಲ್ಲಿಗೆ ಸಾಗಿಸಿ.

ಇನ್ನು ಫ್ರೀಬಿಎಸ್‌ಡಿ-ಅಪ್‌ಡೇಟ್. ಆರ್ ಆಯ್ಕೆಯಲ್ಲಿ ಗುರಿಯ ಆವೃತ್ತಿ ಹೇಳಿ ಅಪ್‌ಗ್ರೇಡ್ ಎಂದರೆ ಅದು ಫೈಲುಗಳನ್ನು ಇಳಿಸಿಕೊಂಡು, ನೀವು ತಿದ್ದಿದ ಸೆಟ್ಟಿಂಗ್ ಫೈಲುಗಳನ್ನು ಹೊಸದರ ಜೊತೆ ಬೆಸೆದು ಒಂದೊಂದನ್ನಾಗಿ ತೋರಿಸುತ್ತದೆ. ಬೇಸರದಿಂದ ಹೌದು, ಹೌದು ಎಂದು ಒತ್ತುತ್ತ ಹೋಗುವ ಜಾಗ ಇದೇ. ಪಾಸ್‌ವರ್ಡ್ ಫೈಲಿನಲ್ಲಿ ನಿಮ್ಮ ಬಳಕೆದಾರರ ಸಾಲುಗಳ ಮುಂದೆ ಮೈನಸ್ ಗುರುತು ಕಂಡರೆ ಒಪ್ಪಬೇಡಿ. ಎಸ್‌ಎಸ್‌ಎಚ್‌ನ ಸೆಟ್ಟಿಂಗ್ ಫೈಲಿನಲ್ಲಿ ಬೆಸುಗೆಯ ಬಾಣದ ಗುರುತುಗಳು ಉಳಿದರೆ ಆ ಸೇವೆ ಏಳುವುದಿಲ್ಲ, ದೂರದಲ್ಲಿದ್ದವರು ಹೊರಗೇ ಉಳಿಯುತ್ತಾರೆ. ರೀಬೂಟ್‌ಗೆ ಮೊದಲು ಎಸ್‌ಎಸ್‌ಎಚ್‌ಡಿಗೆ ಟಿ ಆಯ್ಕೆ ಕೊಟ್ಟು ಫೈಲನ್ನು ಪರೀಕ್ಷಿಸಿಕೊಳ್ಳಿ.

ಆಮೇಲೆ ಇನ್‌ಸ್ಟಾಲ್ ಎಂಬುದನ್ನು ಮೂರು ಸಲ ಕೊಡಬೇಕು. ಮೊದಲನೆಯದು ಕರ್ನಲ್ ಹಾಕುತ್ತದೆ. ರೀಬೂಟ್ ಮಾಡಿ. ಎರಡನೆಯದು ಉಳಿದ ಸಿಸ್ಟಮ್ ಹಾಕುತ್ತದೆ. ಈ ಹಂತದಲ್ಲಿ ನಿಲ್ಲಿಸಿ, ಪಿಕೆಜಿ ಅಪ್‌ಗ್ರೇಡ್ ಅನ್ನು ಎಫ್ ಆಯ್ಕೆಯೊಂದಿಗೆ ಓಡಿಸಿ ಪ್ಯಾಕೇಜುಗಳನ್ನೆಲ್ಲ 14ಕ್ಕೆ ಕಟ್ಟಿದವುಗಳಿಂದ ಬದಲಿಸಿ. ಪಿಕೆಜಿಯೇ ಓಡದಿದ್ದರೆ ಪಿಕೆಜಿ-ಸ್ಟ್ಯಾಟಿಕ್ ಬಳಸಿ. ಮೂರನೇ ಇನ್‌ಸ್ಟಾಲ್ ಹಳೆಯ ಲೈಬ್ರರಿಗಳನ್ನು ಅಳಿಸುತ್ತದೆ. ಅದನ್ನು ಮೊದಲೇ ಕೊಟ್ಟರೆ ಹಳೆಯ ಲೈಬ್ರರಿ ನಂಬಿಕೊಂಡ ಕಾರ್ಯಕ್ರಮಗಳು ಕಾಲು ಮುರಿದಂತೆ ಬೀಳುತ್ತವೆ.

ಕನ್ನಡದಲ್ಲಿ ದಾಖಲೆ ಇಡುವವರಿಗೆ ಒಂದು ವಿಶೇಷ ಮಾತು. ಡೇಟಾಬೇಸ್ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ನಿಯಮವನ್ನು ಎಷ್ಟೋ ಸಲ ಆಪರೇಟಿಂಗ್ ಸಿಸ್ಟಮ್‌ನಿಂದ ಪಡೆಯುತ್ತದೆ. ಸಿಸ್ಟಮ್ ಬದಲಾದಾಗ ಆ ನಿಯಮವೂ ಬದಲಾಗಬಹುದು. ಹಳೆಯ ನಿಯಮದಲ್ಲಿ ಕಟ್ಟಿದ ಇಂಡೆಕ್ಸ್, ಹೊಸ ನಿಯಮದಲ್ಲಿ ಹುಡುಕಾಟ: ಆಗ ಇರುವ ಶಂಕರಪ್ಪನವರನ್ನೇ ಇಲ್ಲ ಎಂದುಬಿಡುತ್ತದೆ, ಒಂದೇ ಸದಸ್ಯತ್ವ ಎರಡು ಸಲ ಸೇರಿಕೊಳ್ಳುತ್ತದೆ. ಲಿನಕ್ಸ್ ಲೋಕದಲ್ಲಿ 2018ರ ಜಿಲಿಬ್‌ಸಿ 2.28ರಲ್ಲಿ ಇಂಥ ದೊಡ್ಡ ಬದಲಾವಣೆ ಆಗಿ ಪೋಸ್ಟ್‌ಗ್ರೆಸ್ ಬಳಸುವವರು ಬಹಳ ಕಷ್ಟಪಟ್ಟರು. ಅಪ್‌ಗ್ರೇಡ್ ಮುಗಿದ ಕೂಡಲೇ, ಜನ ಕೆಲಸ ಶುರುಮಾಡುವ ಮೊದಲು, ರೀಇಂಡೆಕ್ಸ್ ಓಡಿಸಿ. ಸಣ್ಣ ಡೇಟಾಬೇಸಿಗೆ ಕೆಲವೇ ನಿಮಿಷದ ಕೆಲಸ.

ಮುಗಿದ ಮೇಲೆ ಮುಟ್ಟಬಾರದ್ದು

ಝೆಡ್‌ಪೂಲ್ ಸ್ಟೇಟಸ್ ಕೇಳಿದಾಗಲೆಲ್ಲ ಕೆಲವು ಹೊಸ ಸೌಲಭ್ಯಗಳು ಚಾಲೂ ಆಗಿಲ್ಲ, ಝೆಡ್‌ಪೂಲ್ ಅಪ್‌ಗ್ರೇಡ್ ಮಾಡಿ ಎಂದು ಅದು ಸೂಚಿಸುತ್ತದೆ. ಇದು ದೋಷವಲ್ಲ. ಈ ಸೂಚನೆಗೆ ಒಂದು ತಿಂಗಳಾದರೂ ಕಿವಿಗೊಡಬೇಡಿ. ಪೂಲ್ ಅಪ್‌ಗ್ರೇಡ್ ಮಾಡಿದರೆ 13ರ ಬೂಟ್ ಪರಿಸರ ಆ ಪೂಲನ್ನು ತೆರೆಯಲಾರದೆ ಹೋಗಬಹುದು. ಅಷ್ಟು ಜತನದಿಂದ ಇಟ್ಟುಕೊಂಡ ವಾಪಸ್ ದಾರಿ ಅಲ್ಲಿಗೆ ಮುಚ್ಚುತ್ತದೆ. ಅದಕ್ಕೂ ಹೆಚ್ಚಿನ ತೊಂದರೆ ಬೂಟ್ ಭಾಗದ್ದು. ಫ್ರೀಬಿಎಸ್‌ಡಿ-ಅಪ್‌ಡೇಟ್ ಬೂಟ್ ಭಾಗದೊಳಗಿನ ಲೋಡರನ್ನು ತಾನಾಗಿ ಬದಲಿಸುವುದಿಲ್ಲ. ಹಳೆಯ ಲೋಡರ್‌ಗೆ ಹೊಸ ಸೌಲಭ್ಯದ ಪೂಲ್ ಓದಲು ಬರದಿದ್ದರೆ ಸರ್ವರ್ ಏಳುವುದೇ ಇಲ್ಲ. ಹಾಗಾಗಿ ತಿಂಗಳ ನಂತರ ಪೂಲ್ ಏರಿಸುವ ದಿನ ಮೊದಲು ಎರಡೂ ಡಿಸ್ಕ್‌ಗಳಿಗೆ 14ರ ಬೂಟ್ ಕೋಡ್ ಬರೆಯಿರಿ, ಒಂದೊಂದರಿಂದಲೂ ಏಳಿಸಿ ನೋಡಿ, ಆಮೇಲೆ ಪೂಲ್ ಕಡೆ ಹೋಗಿ. ಹೊಸ ಸೌಲಭ್ಯಗಳ ಅಗತ್ಯವೇ ಇಲ್ಲದಿದ್ದರೆ ಪೂಲನ್ನು ಹಾಗೇ ಬಿಡುವುದರಲ್ಲೂ ತಪ್ಪಿಲ್ಲ.

ಹೊರಬಂದ ಹಳೆಯ ಡಿಸ್ಕನ್ನು ಸ್ಥಿರವಿದ್ಯುತ್ ತಡೆಯುವ ಕವರಿನಲ್ಲಿ ಹಾಕಿ, ಮೇಲೆ ದಿನಾಂಕ, ಪೂಲ್‌ನ ಹೊಸ ಹೆಸರು, ಸೀರಿಯಲ್ ನಂಬರ್ ಬರೆದು ಬೀಗವಿರುವ ಕಪಾಟಿನಲ್ಲಿಡಿ. ಎರಡು ಮೂರು ತಿಂಗಳು ಅಲ್ಲಿರಲಿ. ಅದರೊಳಗೆ ಮಕ್ಕಳ ಅಂಕಪಟ್ಟಿಗಳು, ಸದಸ್ಯರ ಆಧಾರ್ ಪ್ರತಿಗಳು, ಸಂಬಳದ ಲೆಕ್ಕಗಳು ಇನ್ನೂ ಇವೆ, ಆದ್ದರಿಂದ ಗುಜರಿಯವರ ತಕ್ಕಡಿಗೆ ಹಾಕುವಂತಿಲ್ಲ. ಅವಧಿ ಮುಗಿದ ಮೇಲೆ ತಿರುಗುವ ಡಿಸ್ಕಾದರೆ ಆರಂಭದಿಂದ ಕೊನೆಯವರೆಗೆ ಒಮ್ಮೆ ಪೂರ್ತಿ ಮೇಲೆಬರೆದು ಅಳಿಸಿ. ಎಸ್‌ಎಸ್‌ಡಿಯಾದರೆ ಹಾಗೆ ಬರೆದದ್ದು ಎಲ್ಲ ಕೋಶಗಳನ್ನೂ ಮುಟ್ಟುವುದಿಲ್ಲ, ಅದರದೇ ಸೆಕ್ಯೂರ್ ಇರೇಸ್ ಬಳಸಬೇಕು. ಕೆಟ್ಟು ಓಡದೇ ಇರುವ ಡಿಸ್ಕಿಗೆ ಡ್ರಿಲ್ ಹಿಡಿದು ತಟ್ಟೆಗಳನ್ನೇ ತೂತು ಮಾಡಿಸಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೇ ಕೊಡಿ. ಸೀರಿಯಲ್ ನಂಬರ್ ನಮೂದಿಸಿದ ರಸೀದಿ ಕೇಳಿ ಪಡೆದು, ಸರ್ವರ್‌ನ ಪುಸ್ತಕದಲ್ಲಿ ಡಿಸ್ಕ್ ಬದಲಿಸಿದ ದಿನದ ಪುಟಕ್ಕೆ ಅಂಟಿಸಿ.